ಕ್ರೀಡಾ ತಾರೆ ಕಾಲೇಜಿಗೆ ಪೂರ್ತಿ ಹಾಜರಾಗಬೇಕೇ? ಕ್ರೋಂಪೇಟೆ ಕ್ಯಾಂಪಸ್‌ನಿಂದ ಪ್ರಸನ್ನ, ಕುಂಬ್ಳೆವರೆಗಿನ ಹಾಜರಿ ಲೆಕ್ಕ

ಚೆನ್ನೈ: 2022ರ ಮೇ ತಿಂಗಳು. ಆನ್‌ಲೈನ್ ಚೆಸ್ ಟೂರ್ನಿಯ ಸೆಮಿಫೈನಲ್‌ನಲ್ಲಿ ನೆದರ್‌ಲೆಂಡ್ಸ್‌ನ ಅನೀಶ್ ಗಿರಿ ಅವರನ್ನು ಸೋಲಿಸಿ ಚೆನ್ನೈನ 16 ವರ್ಷದ ಆರ್. ಪ್ರಜ್ಞಾನಂದ ಎದ್ದಾಗ ರಾತ್ರಿ ಎರಡು ಗಂಟೆ. ಅಭಿನಂದಿಸಲು ಬಂದವರಿಗೆ ಹುಡುಗ ಹೇಳಿದ್ದು ಇಷ್ಟೇ: ಬೆಳಿಗ್ಗೆ 8.45ಕ್ಕೆ ಶಾಲೆಯಲ್ಲಿರಬೇಕು. ಅಂದು ಆತನಿಗೆ 11ನೇ ತರಗತಿಯ ಪರೀಕ್ಷೆ ಇತ್ತು. ಈ ಮಾತು ಮರುದಿನ ಜಗತ್ತಿನ ಚೆಸ್ ಪ್ರಿಯರ ನಡುವೆ ಹರಿದಾಡಿತು. ಎಲ್ಲರೂ ನಕ್ಕರು, ಮೆಚ್ಚಿದರು. ಆದರೆ ಅದೇ ಪ್ರಶ್ನೆ ಕಾಲೇಜಿಗೆ ಬಂದಾಗ ನಗು ಅಷ್ಟು ಸುಲಭವಲ್ಲ.

ಹೆಸರು ಮಾಡಿದ ಕ್ರೀಡಾಪಟು ಕಾಲೇಜಿಗೆ ಸೇರಿದರೆ ಉಳಿದವರಂತೆ ಪೂರ್ತಿ ವಿದ್ಯಾರ್ಥಿಯಾಗಿ ಬಾಳಬೇಕೇ? ತರಗತಿ, ಲ್ಯಾಬ್, ಹಾಸ್ಟೆಲ್, ಪರೀಕ್ಷೆ, ಕ್ಯಾಂಟೀನ್ ಎಲ್ಲವೂ ಸೇರಿ? ಅಥವಾ ಪ್ರವೇಶಪತ್ರದಲ್ಲಿ ಹೆಸರು ಇದ್ದರೆ ಸಾಕೇ? ಪ್ರತಿವರ್ಷ ಜೂನ್–ಜುಲೈನಲ್ಲಿ ಕ್ರೀಡಾ ಕೋಟಾದ ಪ್ರವೇಶ ನಡೆಯುವಾಗ ಚೆನ್ನೈನಲ್ಲೂ ಬೆಂಗಳೂರಿನಲ್ಲೂ ಸಾವಿರಾರು ಮನೆಗಳಲ್ಲಿ ಈ ಮಾತು ಬರುತ್ತದೆ.

ಕ್ರೋಂಪೇಟೆಯ ಕಥೆ ಏನು?

ಚೆನ್ನೈ ವಿಮಾನ ನಿಲ್ದಾಣದಿಂದ ದಕ್ಷಿಣಕ್ಕೆ ಜಿಎಸ್‌ಟಿ ರಸ್ತೆ ಹಿಡಿದರೆ ಪಲ್ಲಾವರಂ ದಾಟಿದ ಮೇಲೆ ಸಿಗುವ ಊರು ಕ್ರೋಂಪೇಟೆ. ಹೆಸರು ಬಂದಿದ್ದು ಕ್ರೋಮ್ ಲೆದರ್ ಕಂಪನಿ ಎಂಬ ಹಳೆಯ ಚರ್ಮದ ಕಾರ್ಖಾನೆಯಿಂದ. ಈಗ ಇದು ತಾಂಬರಂ ಮಹಾನಗರ ಪಾಲಿಕೆಗೆ ಸೇರಿದೆ. ಹೊರಗಿನವರಿಗೆ ಈ ಊರು ಗೊತ್ತಿರುವುದು ಮುಖ್ಯವಾಗಿ ಒಂದು ಕಾಲೇಜಿನಿಂದ. 1949ರಲ್ಲಿ ಸಿ. ರಾಜಂ ಕಟ್ಟಿದ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಅಂದರೆ ಎಂಐಟಿ. ಎ.ಪಿ.ಜೆ. ಅಬ್ದುಲ್ ಕಲಾಂ ಏರೋನಾಟಿಕಲ್ ಎಂಜಿನಿಯರಿಂಗ್ ಓದಿದ್ದು ಇಲ್ಲಿಯೇ. ಈಗ ಅದು ಅಣ್ಣಾ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್. ಇದೇ ಊರಿನಲ್ಲಿ ಮಹಿಳೆಯರ ವೈಷ್ಣವ ಕಾಲೇಜೂ ಇದೆ. ಲೋಕಲ್ ರೈಲಿನಲ್ಲಿ ಉತ್ತರಕ್ಕೆ ಹೋದರೆ ಗಿಂಡಿ ಎಂಜಿನಿಯರಿಂಗ್ ಕಾಲೇಜು, ದಕ್ಷಿಣಕ್ಕೆ ಎರಡು ನಿಲ್ದಾಣ ಹೋದರೆ ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು. ಬೆಳಗಿನ ಲೋಕಲ್‌ನಲ್ಲಿ ಒಂದು ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಇನ್ನೊಂದಕ್ಕೆ ಕಿಟ್ ಬ್ಯಾಗ್ ತೂಗಿಸಿಕೊಂಡು ನಿಂತ ಹುಡುಗ ಹುಡುಗಿಯರು ಈ ದಾರಿಯಲ್ಲಿ ಹೊಸಬರಲ್ಲ.

ಇವರಲ್ಲಿ ಕೆಲವರು ಎಂಜಿನಿಯರಿಂಗ್‌ಗೆ ಬರುವುದು ಕ್ರೀಡಾ ಕೋಟಾದಲ್ಲಿ. ತಮಿಳುನಾಡಿನ ಎಂಜಿನಿಯರಿಂಗ್ ಕೌನ್ಸೆಲಿಂಗ್‌ನಲ್ಲಿ ಬಹಳ ವರ್ಷಗಳಿಂದ ಸಾಧಕ ಕ್ರೀಡಾಪಟುಗಳಿಗೆ 500 ಸೀಟುಗಳನ್ನು ಪ್ರತ್ಯೇಕವಾಗಿ ಇಡಲಾಗುತ್ತಿದೆ. ಸೀಟು ಸಿಗುವುದು ಮೈದಾನದ ಪ್ರಮಾಣಪತ್ರದಿಂದ. ಆದರೆ ಸೀಟು ಸಿಕ್ಕ ಮರುದಿನದಿಂದ ಲೆಕ್ಕ ಬದಲಾಗುತ್ತದೆ.

75, 65 ಮತ್ತು ಓ.ಡಿ.

ಅಣ್ಣಾ ವಿಶ್ವವಿದ್ಯಾಲಯಕ್ಕೆ ಸೇರಿದ ಎಂಜಿನಿಯರಿಂಗ್ ಕಾಲೇಜುಗಳ ನಿಯಮಾವಳಿಯ ಪ್ರಕಾರ ಸೆಮಿಸ್ಟರ್ ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಿ ಬೇಕು. ಕಾಯಿಲೆ ಅಥವಾ ಕ್ರೀಡಾಕೂಟದ ಕಾರಣಕ್ಕೆ ಕಡಿಮೆಯಾಗಿದ್ದರೆ, ಪ್ರಮಾಣಪತ್ರ ಕೊಟ್ಟವರಿಗೆ ಶೇ 65ರವರೆಗೆ ವಿನಾಯಿತಿ ಇದೆ. ಅದಕ್ಕಿಂತ ಕೆಳಗೆ ಇಳಿದರೆ ಆ ಸೆಮಿಸ್ಟರ್ ಪರೀಕ್ಷೆ ಇಲ್ಲ. ಕರ್ನಾಟಕದವರಿಗೆ ಇದು ಉದಾರ ಎನಿಸಬಹುದು. ನಮ್ಮ ವಿಟಿಯು ಕೇಳುವುದೇ ಶೇ 85, ವಿನಾಯಿತಿ ಕೊಟ್ಟರೂ ಶೇ 75.

ಈ ಶೇಕಡಾವಾರು ನಿಜ ಜೀವನದಲ್ಲಿ ಎಷ್ಟು ದಿನವಾಗುತ್ತದೆ? ಸೆಮಿಸ್ಟರ್‌ಗೆ 90 ಕೆಲಸದ ದಿನ ಎಂದಿಟ್ಟುಕೊಳ್ಳಿ. ಸಾಮಾನ್ಯ ವಿದ್ಯಾರ್ಥಿ 22 ದಿನ ತಪ್ಪಿಸಿಕೊಳ್ಳಬಹುದು, ಕ್ರೀಡಾಪಟು 31 ದಿನ. ಮೂರು ವಾರದ ಒಂದು ತರಬೇತಿ ಶಿಬಿರಕ್ಕೆ 15 ಕೆಲಸದ ದಿನ ಹೋಯಿತು. ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿ, ಬಂದು ಹೋಗುವ ರೈಲು ಪ್ರಯಾಣ ಸೇರಿ ಒಂದು ವಾರ. ಅಲ್ಲಿ ಗೆದ್ದರೆ ಅಖಿಲ ಭಾರತ ಮಟ್ಟ, ಇನ್ನೊಂದು ವಾರಕ್ಕೂ ಹೆಚ್ಚು. ಅಲ್ಲಿಗೆ 31ರ ಹತ್ತಿರ ಬಂದಾಯಿತು. ಇನ್ನು ಒಂದೇ ಒಂದು ವಿದೇಶಿ ಟೂರ್ನಿ ಬಂದರೂ ಲೆಕ್ಕ ಮುರಿದು ಬೀಳುತ್ತದೆ. ಜ್ವರ, ಅಕ್ಕನ ಮದುವೆ ಇವನ್ನೆಲ್ಲ ಇನ್ನೂ ಎಣಿಸಿಯೇ ಇಲ್ಲ!

ಹಾಗಾಗಿ ಚೆನ್ನೈನ ಕಾಲೇಜುಗಳಲ್ಲಿ ಅತಿ ಹೆಚ್ಚು ಕೇಳಿಬರುವ ಪದ ‘ಓ.ಡಿ.’, ಅಂದರೆ ಆನ್ ಡ್ಯೂಟಿ. ಕಾಲೇಜಿನ ಪರವಾಗಿ ಹೋಗಿದ್ದಾನೆ ಎಂದು ಬರೆದುಕೊಟ್ಟು ಗೈರುಹಾಜರಿಯನ್ನು ಸರಿದೂಗಿಸುವ ವ್ಯವಸ್ಥೆ. ಓ.ಡಿ. ಚೀಟಿಗೆ ಸಹಿ ಹಾಕಿಸಲು ಕ್ರೀಡಾ ವಿಭಾಗದಿಂದ ವಿಭಾಗ ಮುಖ್ಯಸ್ಥರ ಕೊಠಡಿಗೆ, ಅಲ್ಲಿಂದ ತರಗತಿಯ ಮೇಷ್ಟ್ರ ಬಳಿಗೆ ಅಲೆಯುವುದು ಒಂದು ಬೇರೆಯದೇ ಓಟ. ಆದರೆ ಚೀಟಿ ಹಾಜರಿಯನ್ನು ತುಂಬಿಸುತ್ತದೆ, ಪಾಠವನ್ನಲ್ಲ. 2021ರ ನಿಯಮಾವಳಿಯಲ್ಲಿ ಥಿಯರಿ ವಿಷಯಕ್ಕೆ 100ರಲ್ಲಿ 40 ಅಂಕ ಇಂಟರ್ನಲ್, ಲ್ಯಾಬ್‌ಗೆ 60 ಅಂಕ ಇಂಟರ್ನಲ್. ಅಂದರೆ ವರ್ಷದ ಕೊನೆಗೆ ರಾತ್ರಿಯೆಲ್ಲ ಓದಿ ಪಾಸಾಗುವ ಹಳೆಯ ದಾರಿ ಕಿರಿದಾಗಿದೆ. ಸೆಮಿಸ್ಟರ್ ಉದ್ದಕ್ಕೂ ಇರುವವನಿಗೇ ಅಂಕ. ಬೆಂಗಳೂರಿನಲ್ಲಿ ಬ್ಯಾಕ್‌ಲಾಗ್ ಎನ್ನುವುದನ್ನು ಇಲ್ಲಿ ‘ಅರಿಯರ್’ ಎನ್ನುತ್ತಾರೆ. ಕ್ರೀಡಾ ಕೋಟಾದ ಹುಡುಗರಿಗೆ ಈ ಪದ ಪರಿಚಯವಾಗುವುದು ಮೊದಲ ವರ್ಷದಲ್ಲೇ.

ಪ್ರಸನ್ನ ಕಳೆದುಕೊಂಡ ಐದು ವರ್ಷ

ಓದು ಮೊದಲೋ ಆಟ ಮೊದಲೋ ಎಂಬ ಪ್ರಶ್ನೆಗೆ ಭಾರತೀಯ ಕ್ರಿಕೆಟ್‌ನಲ್ಲಿ ಅತ್ಯಂತ ದುಬಾರಿ ಉತ್ತರ ಕೊಟ್ಟವರು ಒಬ್ಬ ಕನ್ನಡಿಗ. ಅದೂ ಇದೇ ಚೆನ್ನೈ ನೆಲದಲ್ಲಿ.

ಎರಪಳ್ಳಿ ಪ್ರಸನ್ನ 1962ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದ್ದು ಆಗಿನ ಮದ್ರಾಸಿನಲ್ಲಿ. ಆಗ ಅವರಿಗೆ 21 ವರ್ಷ. ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್‌ನ ವಿದ್ಯಾರ್ಥಿ. ಕೂಡಲೇ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಹೋದರು. ವಾಪಸು ಬಂದ ಮೇಲೆ ಎಂಜಿನಿಯರಿಂಗ್ ಮುಗಿಸಲು ಕುಳಿತರು. ಮುಂದಿನ ಟೆಸ್ಟ್ ಆಡಿದ್ದು ಯಾವಾಗ ಗೊತ್ತೇ? 1967ರ ಜನವರಿಯಲ್ಲಿ. ಮತ್ತೆ ಮದ್ರಾಸಿನಲ್ಲೇ, ಈ ಬಾರಿ ಗ್ಯಾರಿ ಸೋಬರ್ಸ್ ಅವರ ವೆಸ್ಟ್ ಇಂಡೀಸ್ ವಿರುದ್ಧ. ನಡುವೆ ಸುಮಾರು ಐದು ವರ್ಷ ಭಾರತ ತಂಡದಲ್ಲಿ ಅವರ ಹೆಸರೇ ಇರಲಿಲ್ಲ.

ಮರಳಿ ಬಂದ ಪ್ರಸನ್ನ 20 ಟೆಸ್ಟ್‌ಗಳಲ್ಲೇ 100 ವಿಕೆಟ್ ಪೂರೈಸಿದರು. ಭಾರತೀಯ ಬೌಲರ್‌ಗಳಲ್ಲಿ ಈ ದಾಖಲೆ ನಾಲ್ಕು ದಶಕ ಉಳಿಯಿತು. ಕೊನೆಗೆ ಅದನ್ನು 2013ರಲ್ಲಿ 18 ಟೆಸ್ಟ್‌ಗಳಲ್ಲಿ ಮುರಿದವರೂ ಆಫ್ ಸ್ಪಿನ್ನರ್, ಅವರೂ ಎಂಜಿನಿಯರ್: ಚೆನ್ನೈನ ಎಸ್‌ಎಸ್‌ಎನ್ ಕಾಲೇಜಿನಲ್ಲಿ ಓದಿದ ಆರ್. ಅಶ್ವಿನ್. ಪ್ರಸನ್ನ ಒಟ್ಟು 49 ಟೆಸ್ಟ್‌ಗಳಲ್ಲಿ 189 ವಿಕೆಟ್ ಪಡೆದರು. ಆ ಐದು ವರ್ಷ ಆಡಿದ್ದರೆ ಎಷ್ಟಾಗುತ್ತಿತ್ತು ಎಂದು ಹಳೆಯ ಕ್ರಿಕೆಟ್ ಪ್ರೇಮಿಗಳು ಇಂದಿಗೂ ಲೆಕ್ಕ ಹಾಕುತ್ತಾರೆ.

ಇಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಆ ಕಾಲದಲ್ಲಿ ಕ್ರಿಕೆಟ್ ಹೊಟ್ಟೆ ತುಂಬಿಸುವ ಕೆಲಸವಾಗಿರಲಿಲ್ಲ. ಟೆಸ್ಟ್ ಆಟಗಾರರೂ ಬ್ಯಾಂಕ್, ರೈಲ್ವೆ, ಕಾರ್ಖಾನೆಗಳಲ್ಲಿ ನೌಕರಿ ಮಾಡುತ್ತಿದ್ದರು. ಡಿಗ್ರಿ ಬಿಟ್ಟು ಆಟ ಹಿಡಿಯುವುದು ಅಂದಿನ ಮಧ್ಯಮ ವರ್ಗದ ಮನೆಗೆ ಹುಚ್ಚುತನವೇ ಸರಿ. ಹಾಗಿದ್ದೂ ಪ್ರಸನ್ನ ಮರಳಲು ಸಾಧ್ಯವಾಗಿದ್ದಕ್ಕೆ ಒಂದು ಕಾರಣ ಸ್ಪಿನ್ ಬೌಲಿಂಗ್. 26ನೇ ವಯಸ್ಸಿಗೆ ಸ್ಪಿನ್ನರ್ ಮುದುಕನಾಗಿರುವುದಿಲ್ಲ, ಈಗಷ್ಟೇ ಹದಕ್ಕೆ ಬಂದಿರುತ್ತಾನೆ. ಇದೇ ಐದು ವರ್ಷ ಒಬ್ಬ ಈಜುಗಾರ್ತಿಗೆ ಹೋಗಿದ್ದರೆ?

ಕರ್ನಾಟಕದ ಇನ್ನೊಬ್ಬ ಎಂಜಿನಿಯರ್ ಅನಿಲ್ ಕುಂಬ್ಳೆ ಅವರದ್ದೂ ಹೀಗೆಯೇ ಓದಿಗೆ ಹೊಂದಿಕೊಂಡ ಕಥೆ, ಆದರೆ ಸ್ವಲ್ಪ ಅದೃಷ್ಟ ಬೆರೆತದ್ದು. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾಗಲೇ 1990ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಟೆಸ್ಟ್ ಪದಾರ್ಪಣೆ ಮಾಡಿದರು. ನಂತರ ತಂಡದಿಂದ ಹೊರಗೆ. ಎರಡನೇ ಟೆಸ್ಟ್ ಸಿಕ್ಕಿದ್ದು 1992ರ ಅಕ್ಟೋಬರ್‌ನಲ್ಲಿ, ಹರಾರೆಯಲ್ಲಿ. ಈ ಎರಡು ವರ್ಷದ ನಡುವೆ ಡಿಗ್ರಿ ಮುಗಿಯಿತು. ಆಯ್ಕೆಗಾರರು ಕೈಬಿಟ್ಟಿದ್ದು ಕಾಲೇಜಿಗೆ ವರವಾಯಿತು ಎನ್ನಬಹುದು. ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಎಸ್. ವೆಂಕಟರಾಘವನ್ 1965ರಲ್ಲಿ 19ನೇ ವಯಸ್ಸಿನಲ್ಲೇ ಟೆಸ್ಟ್ ಆಡಿದರು. ಅದೇ ಕಾಲೇಜಿನ ಕೆ. ಶ್ರೀಕಾಂತ್, ಮೈಸೂರಿನ ಎಸ್‌ಜೆಸಿಇಯಲ್ಲಿ ಓದಿದ ಜಾವಗಲ್ ಶ್ರೀನಾಥ್ ಕೂಡ ಎಂಜಿನಿಯರ್‌ಗಳೇ. ರಾಹುಲ್ ದ್ರಾವಿಡ್ ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಲ್ಲಿ ಬಿ.ಕಾಂ. ಮುಗಿಸಿ ಎಂಬಿಎ ಓದುತ್ತಿರುವಾಗ ಭಾರತ ತಂಡಕ್ಕೆ ಆಯ್ಕೆಯಾದರು.

ಈ ಹೆಸರುಗಳನ್ನು ಹೇಳಿ ‘ನೋಡು, ಅವರು ಎರಡೂ ಮಾಡಲಿಲ್ಲವೇ’ ಎಂದು ಮಕ್ಕಳಿಗೆ ಬುದ್ಧಿ ಹೇಳುವುದು ಎಲ್ಲ ಮನೆಗಳಲ್ಲೂ ಇದೆ. ಅದು ಅರ್ಧ ನಿಜ. ಆಗ ವರ್ಷವಿಡೀ ಆಟ ಇರಲಿಲ್ಲ, ಐಪಿಎಲ್ ಇರಲಿಲ್ಲ, ವರ್ಷಕ್ಕೊಂದೇ ಪರೀಕ್ಷೆಯ ಪದ್ಧತಿ ಹಲವೆಡೆ ಇತ್ತು. ಇವತ್ತಿನ 19 ವರ್ಷದ ಆಟಗಾರನ ಕ್ಯಾಲೆಂಡರ್ ಬೇರೆ, ಇವತ್ತಿನ ಸೆಮಿಸ್ಟರ್ ಬೇರೆ.

ಎಲ್ಲ ಆಟಕ್ಕೂ ಒಂದೇ ಗಡಿಯಾರವಲ್ಲ

ಚೆನ್ನೈನ ಚೆಸ್ಸನ್ನೇ ನೋಡಿ. ವಿಶ್ವನಾಥನ್ ಆನಂದ್ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು, ಲೊಯೊಲಾ ಕಾಲೇಜಿನಲ್ಲಿ ಬಿ.ಕಾಂ. ಪದವಿಯನ್ನೂ ಪಡೆದರು. ಅದೇ ಊರಿನ ಡಿ. ಗುಕೇಶ್ ನಾಲ್ಕನೇ ತರಗತಿಯ ನಂತರ ನಿಯಮಿತವಾಗಿ ಶಾಲೆಗೆ ಹೋಗಲಿಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದರು. ಇಬ್ಬರೂ ಗೆದ್ದರು. ಆದರೆ ಗುಕೇಶ್ ದಾರಿಯನ್ನು ಮಾದರಿ ಎಂದು ಹಿಡಿಯುವ ಮೊದಲು, ಅದೇ ದಾರಿ ಹಿಡಿದು ವಿಶ್ವ ಚಾಂಪಿಯನ್ ಆಗದವರು ಎಲ್ಲಿದ್ದಾರೆ ಎಂದು ಯಾರೂ ಬರೆಯುವುದಿಲ್ಲ ಎಂಬುದನ್ನು ನೆನಪಿಡಬೇಕು.

ಈಜು, ಜಿಮ್ನಾಸ್ಟಿಕ್ಸ್‌ಗಳಲ್ಲಿ ಕಾಲೇಜಿನ ವಯಸ್ಸು ಎಂದರೆ ಶಿಖರದ ಹೊತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ಅತಿ ಕಿರಿಯ ಸ್ಪರ್ಧಿಯಾಗಿ ಹೋದ ಬೆಂಗಳೂರಿನ ಈಜುಗಾರ್ತಿ ಧಿನಿಧಿ ದೇಸಿಂಗು ಅವರಿಗೆ ಆಗ 14 ವರ್ಷ. ಅಂಥವರಿಗೆ ‘ಮೊದಲು ಡಿಗ್ರಿ, ಆಮೇಲೆ ಆಟ’ ಎನ್ನುವುದು ಆಟವನ್ನು ಬಿಡು ಎಂದಂತೆಯೇ. ಶೂಟಿಂಗ್, ದೂರದ ಓಟ, ಸ್ಪಿನ್ ಬೌಲಿಂಗ್‌ನಂಥ ಆಟಗಳಲ್ಲಿ ಕಾಯುವ ಅವಕಾಶ ಇದೆ. ಟೇಬಲ್ ಟೆನಿಸ್ ನಡುವಿನದ್ದು. ಚೆನ್ನೈನ ಜಿ. ಸತ್ಯನ್ ಸೇಂಟ್ ಜೋಸೆಫ್ಸ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಐಟಿ ಓದಿ ಪದವಿ ಪಡೆದರು. ಅವರು ವಿಶ್ವ ರ‍್ಯಾಂಕಿಂಗ್‌ನಲ್ಲಿ 24ನೇ ಸ್ಥಾನಕ್ಕೆ ಏರಿದ್ದು 2019ರಲ್ಲಿ, ಕಾಲೇಜು ಮುಗಿದು ವರ್ಷಗಳ ನಂತರ. ಹಾಗಾಗಿ ‘ಕ್ರೀಡಾಪಟು’ ಎಂಬ ಒಂದೇ ಪದದಡಿ ಎಲ್ಲರಿಗೂ ಒಂದೇ ಹಾಜರಿ ನಿಯಮ ಬರೆಯುವುದರಲ್ಲೇ ಮೊದಲ ತಪ್ಪಿದೆ.

ತಾರೆಗಲ್ಲ, ಎರಡನೇ ಸಾಲಿನವನಿಗೆ ಡಿಗ್ರಿ

ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆಯಾಗುವ ಸಂಗತಿ ಇದು. ನಿಜವಾದ ತಾರೆಗೆ ಡಿಗ್ರಿ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಕಾಲೇಜಿಗೇ ಅವರು ಬೇಕು. ಪ್ರವೇಶದ ಕಾಲದಲ್ಲಿ ಜಿಎಸ್‌ಟಿ ರಸ್ತೆಯಲ್ಲಾಗಲಿ ಹೊಸೂರು ರಸ್ತೆಯಲ್ಲಾಗಲಿ ಸಾಗಿದರೆ ಪದಕ ಕಚ್ಚಿ ನಿಂತ ಕ್ರೀಡಾಪಟುಗಳ ಚಿತ್ರವಿರುವ ಕಾಲೇಜು ಫ್ಲೆಕ್ಸ್‌ಗಳು ಕಣ್ಣಿಗೆ ಬೀಳುತ್ತವೆ. ಕ್ರೀಡೆಯಲ್ಲಿ ಮುಂಚೂಣಿಯಲ್ಲಿರುವ ವಿಶ್ವವಿದ್ಯಾಲಯಕ್ಕೆ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ ಸಿಗುತ್ತದೆ. 2020ರಿಂದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವೂ ಇದೆ. 2022ರಲ್ಲಿ ಬೆಂಗಳೂರಿನಲ್ಲಿ ಅದರ ಆತಿಥ್ಯ ವಹಿಸಿದ ಜೈನ್ ವಿಶ್ವವಿದ್ಯಾಲಯವೇ ಪದಕ ಪಟ್ಟಿಯಲ್ಲಿ ಮೊದಲಾಯಿತು. ಇಂಥ ಕೂಟಗಳು ಕಾಲೇಜು ಕ್ರೀಡೆಗೆ ಜೀವ ತುಂಬಿವೆ, ಅನುಮಾನವಿಲ್ಲ. ಜೊತೆಗೇ ಪದಕ ತರುವವರನ್ನು ಹುಡುಕಿ ದಾಖಲಿಸಿಕೊಳ್ಳುವ ಪೈಪೋಟಿಯನ್ನೂ ಹೆಚ್ಚಿಸಿವೆ.

ಆದರೆ ಒಬ್ಬ ತಾರೆಯ ಹಿಂದೆ ರಾಜ್ಯಮಟ್ಟದ ನೂರಾರು ಆಟಗಾರರಿರುತ್ತಾರೆ. ತಾರೆಗೆ ಸಿಗುವ ಸಡಿಲಿಕೆಯನ್ನು ನೋಡಿ ಅವರೂ ತರಗತಿ ಬಿಡುತ್ತಾರೆ. 22ರಲ್ಲಿ ಮೊಣಕಾಲು ಗಂಟು ಕೈಕೊಟ್ಟಾಗ ಅವರ ಕೈಯಲ್ಲಿ ಉಳಿಯುವುದು ಪ್ರಮಾಣಪತ್ರಗಳ ಫೈಲು ಮತ್ತು ಹತ್ತಾರು ಅರಿಯರ್. ಆಗ ನೌಕರಿ ಎಂದರೆ ಮುಖ್ಯವಾಗಿ ಸರ್ಕಾರಿ ಕ್ರೀಡಾ ಕೋಟಾ. ರೈಲ್ವೆಯ ಉದಾಹರಣೆ ತೆಗೆದುಕೊಳ್ಳಿ. ಚೆನ್ನೈನಲ್ಲಿ ದಕ್ಷಿಣ ರೈಲ್ವೆ ಮತ್ತು ಐಸಿಎಫ್ ಎರಡೂ ಇರುವುದರಿಂದ ಇಲ್ಲಿನ ಹುಡುಗರ ಮೊದಲ ಕನಸೇ ಅದು. ರೈಲ್ವೆಯ ಕ್ರೀಡಾ ಕೋಟಾದಲ್ಲಿ ಲೆವೆಲ್ 4 ಮತ್ತು 5ರ ಹುದ್ದೆಗೆ ಪದವಿ ಬೇಕು. ಲೆವೆಲ್ 2, 3ಕ್ಕೆ ಪಿಯುಸಿ ಅಥವಾ ಅದಕ್ಕೆ ಸಮನಾದ ಅರ್ಹತೆ. ಲೆವೆಲ್ 1ಕ್ಕೆ ಹತ್ತನೇ ತರಗತಿ. ಯಾವ ಲೆವೆಲ್‌ಗೆ ಅರ್ಜಿ ಹಾಕಬಹುದು ಎಂಬುದಕ್ಕೆ ಪದಕದ ಮಟ್ಟವೂ ಬೇಕು, ಓದೂ ಬೇಕು. ಪದಕವಿದ್ದೂ ಪದವಿ ಇಲ್ಲದವನು ಕೆಳಗಿನ ಮೆಟ್ಟಿಲಿನಿಂದಲೇ ಶುರು ಮಾಡಬೇಕು. ಓ.ಡಿ. ಚೀಟಿಯಲ್ಲಿ ಕಳೆದುಹೋದ ನಾಲ್ಕು ವರ್ಷದ ಬೆಲೆ ಗೊತ್ತಾಗುವುದು ಅಲ್ಲಿ.

ಇದಕ್ಕೆ ತೀರಾ ವಿರುದ್ಧವಾದ ದಾರಿಯನ್ನು ಗಿಂಡಿ ಪಕ್ಕದ ಐಐಟಿ ಮದ್ರಾಸ್ ಹಿಡಿದಿದೆ. 2024–25ರಲ್ಲಿ ಐಐಟಿಗಳ ಪೈಕಿ ಮೊದಲ ಬಾರಿಗೆ ಕ್ರೀಡಾ ಪ್ರವೇಶ ಶುರು ಮಾಡಿದ ಈ ಸಂಸ್ಥೆ ಪ್ರತಿ ಕೋರ್ಸ್‌ಗೆ ಎರಡು ಹೆಚ್ಚುವರಿ ಸೀಟು ಇಟ್ಟಿದೆ, ಅದರಲ್ಲಿ ಒಂದು ವಿದ್ಯಾರ್ಥಿನಿಯರಿಗೆ. ಆದರೆ ಜೆಇಇ ಅಡ್ವಾನ್ಸ್‌ಡ್ ರ‍್ಯಾಂಕ್ ಪಟ್ಟಿಯಲ್ಲಿ ಹೆಸರು ಇರಲೇಬೇಕು. ಜೊತೆಗೆ ಹಿಂದಿನ ನಾಲ್ಕು ವರ್ಷದಲ್ಲಿ ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಪದಕ. ಓದಿನಲ್ಲಿ ತೇಲಬಲ್ಲವನಿಗೆ ಮಾತ್ರ ಬಾಗಿಲು. ಪ್ರಾಮಾಣಿಕ ವ್ಯವಸ್ಥೆಯೇ, ಆದರೆ ಜೆಇಇಗೆ ಎರಡು ವರ್ಷ ಕೋಚಿಂಗ್ ಮಾಡಿಯೂ ರಾಷ್ಟ್ರೀಯ ಪದಕ ಗೆಲ್ಲುವ ಹುಡುಗರು ಎಷ್ಟು ಮಂದಿ ಸಿಕ್ಕಾರು?

ಅಮೆರಿಕದಲ್ಲಿ ಎಲ್ಲವೂ ಸರಿಯಿದೆಯೇ?

ಕಾಲೇಜು ಕ್ರೀಡೆ ಎಂದರೆ ಅಮೆರಿಕ ಎಂಬ ಮಾತಿದೆ. ಅಲ್ಲಿ ಕಾಲೇಜು ಆಟಗಾರರೇ ಟಿವಿ ತಾರೆಗಳು. 2021ರ ಜುಲೈನಿಂದ ಅವರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ಹಣ ಮಾಡಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಪ್ಪಂದದ ನಂತರ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಜಿಮ್ನಾಸ್ಟ್ ಒಲಿವಿಯಾ ಡನ್ ಅಭಿಮಾನಿಗಳ ಕಾಟದಿಂದ ಸುರಕ್ಷತೆಗಾಗಿ ತರಗತಿಗೆ ಹೋಗದೆ ಆನ್‌ಲೈನ್‌ನಲ್ಲೇ ಓದುವುದಾಗಿ ಹೇಳಿಕೊಂಡಿದ್ದರು. ಖ್ಯಾತಿ ಹೆಚ್ಚಿದಷ್ಟೂ ತರಗತಿ ದೂರವಾಗುವುದು ಅಲ್ಲಿಯೂ ಇದೆ.

ಆದರೂ ಆ ವ್ಯವಸ್ಥೆ ಬಿಗಿಯಾಗಿ ಹಿಡಿದಿರುವ ಒಂದು ಗಂಟಿದೆ: ಪಾಸಾಗುತ್ತಿದ್ದರೆ ಮಾತ್ರ ಆಟ. ಅದನ್ನು ಬಳಸಿಕೊಂಡ ಭಾರತೀಯ ತೇಜಸ್ವಿನ್ ಶಂಕರ್. ದೆಹಲಿಯ ತಮಿಳು ಕುಟುಂಬದ ಈ ಹೈಜಂಪ್ ಪಟು ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಾ 2018 ಮತ್ತು 2022ರಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್ ಆದರು. ಎರಡನೆಯ ಗೆಲುವಿನ ಹೊತ್ತಿಗೆ ಕಥೆ ಚೆನ್ನೈಗೆ ತಗುಲಿಕೊಂಡಿತು. 2022ರ ಜೂನ್‌ನಲ್ಲಿ ಅಂತರ ರಾಜ್ಯ ಅಥ್ಲೆಟಿಕ್ಸ್ ನಡೆದಿದ್ದು ಚೆನ್ನೈನಲ್ಲಿ. ಅದೇ ದಿನಗಳಲ್ಲಿ ತೇಜಸ್ವಿನ್ ತಮ್ಮ ಕಾಲೇಜಿನ ಪರ ಯೂಜೀನ್‌ನಲ್ಲಿ ಜಿಗಿಯುತ್ತಿದ್ದರು. ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಬೇಕಾದ 2.27 ಮೀಟರ್ ಎತ್ತರವನ್ನು ಅಲ್ಲೇ ದಾಟಿದರು. ಆದರೆ ಚೆನ್ನೈಗೆ ಬರಲಿಲ್ಲ ಎಂಬ ಕಾರಣಕ್ಕೆ ಅಥ್ಲೆಟಿಕ್ಸ್ ಫೆಡರೇಷನ್ ಅವರನ್ನು ತಂಡದಿಂದ ಬಿಟ್ಟಿತು. ವಿಷಯ ದೆಹಲಿ ಹೈಕೋರ್ಟ್‌ಗೆ ಹೋಯಿತು. ಕೊನೆಯ ಗಳಿಗೆಯಲ್ಲಿ ಸ್ಥಾನ ಸಿಕ್ಕಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ 2.22 ಮೀಟರ್ ಜಿಗಿದು ಕಂಚು ಗೆದ್ದರು. ಕಾಮನ್‌ವೆಲ್ತ್ ಹೈಜಂಪ್‌ನಲ್ಲಿ ಅದು ಭಾರತಕ್ಕೆ ಮೊದಲ ಪದಕ.

ಪೂರ್ತಿ ವಿದ್ಯಾರ್ಥಿಯಾಗಿರು ಎಂದು ಕ್ರೀಡಾಪಟುವಿಗೆ ಹೇಳುವವರು ಈ ಪ್ರಕರಣವನ್ನು ಓದಬೇಕು. ತಪ್ಪಿದ್ದು ಹುಡುಗನ ಬದ್ಧತೆ ಅಲ್ಲ. ಕಾಲೇಜಿನ ಕ್ಯಾಲೆಂಡರ್ ಮತ್ತು ಫೆಡರೇಷನ್ನಿನ ಕ್ಯಾಲೆಂಡರ್ ಪರಸ್ಪರ ಮುಖ ನೋಡದಿರುವುದು.

ತರಗತಿಯ ಹೊರಗಿನ ಕಾಲೇಜು

ವಿದ್ಯಾರ್ಥಿ ಜೀವನ ಎಂದರೆ ಹಾಜರಿ ಪುಸ್ತಕವಷ್ಟೇ ಅಲ್ಲವಲ್ಲ. ಹತ್ತು ವರ್ಷದಿಂದ ಒಂದೇ ಕೋಚ್, ಒಂದೇ ಮೈದಾನ, ಅದೇ ಪ್ರತಿಸ್ಪರ್ಧಿಗಳ ನಡುವೆ ಬೆಳೆದ ಹುಡುಗಿಗೆ ಹಾಸ್ಟೆಲಿನ ರೂಮ್‌ಮೇಟ್ ಎಂದರೆ ತನ್ನ ಟೈಮಿಂಗ್ ಬಗ್ಗೆ ಕೇಳದ ಮೊದಲ ವ್ಯಕ್ತಿ ಇರಬಹುದು. ‘ಕ್ರೀಡಾಪಟು ಎಂಬ ಗುರುತು’ ಎಷ್ಟು ಗಟ್ಟಿ ಎಂಬುದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರು 1993ರಲ್ಲೇ ರೂಪಿಸಿದ್ದಾರೆ. ತಾನು ಆಟಗಾರ ಮಾತ್ರ, ಬೇರೇನೂ ಅಲ್ಲ ಎಂದುಕೊಂಡವರಿಗೆ ಗಾಯ ಮತ್ತು ನಿವೃತ್ತಿ ಹೆಚ್ಚು ಹೊಡೆತ ಕೊಡುತ್ತವೆ ಎಂಬುದು ಆ ನಂತರದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಯುರೋಪಿಯನ್ ಒಕ್ಕೂಟ 2012ರಲ್ಲಿ ‘ಡ್ಯುಯಲ್ ಕೆರಿಯರ್’ ಎಂಬ ಹೆಸರಿನಲ್ಲಿ ಆಟ ಮತ್ತು ಓದು ಜೊತೆಯಾಗಿ ಸಾಗಲು ಮಾರ್ಗಸೂಚಿ ತಂದಿದ್ದರ ಹಿಂದೆ ಇದೇ ಕಾಳಜಿ ಇತ್ತು.

ಇನ್ನು ಎಂಜಿನಿಯರಿಂಗ್ ಮಟ್ಟಿಗೆ ಬೇರೆ ತೊಡಕಿದೆ. ಬಿ.ಕಾಂ. ಪಾಠವನ್ನು ಶಿಬಿರದ ಕೋಣೆಯಲ್ಲಿ ವಿಡಿಯೊ ನೋಡಿ ಕಲಿಯಬಹುದು. ಆದರೆ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಫೋನಿನಲ್ಲಿ ಕಲಿಯುವುದು ಹೇಗೆ? ಕ್ರೋಂಪೇಟೆ ಎಂಐಟಿಯಂಥ ಕ್ಯಾಂಪಸ್‌ನಲ್ಲಿ ವಿಮಾನ, ಆಟೊಮೊಬೈಲ್, ಇನ್‌ಸ್ಟ್ರುಮೆಂಟೇಷನ್ ಕೋರ್ಸ್‌ಗಳ ಜೀವವೇ ಲ್ಯಾಬ್. ಅಲ್ಲಿ ಹಾಜರಿ ಬರೀ ಶಿಸ್ತಿನ ವಿಷಯವಲ್ಲ. ಶಿಬಿರದಲ್ಲಿರುವ ಕ್ರೀಡಾಪಟುವಿಗೆ ಲ್ಯಾಬ್‌ನಲ್ಲಿ ಹಾಜರಿ ಹಾಕಿ ಕಳಿಸಿದರೆ ಮೋಸ ಹೋಗುವವನು ಆತನೇ.

ವಿನಾಯಿತಿಗಿಂತ ಸಮಯ ಮುಖ್ಯ

ಹಾಗಾದರೆ ದಾರಿ ಯಾವುದು? ನಿಯಮ ಪುಸ್ತಕವನ್ನು ಪೂರ್ತಿ ಓದಿದರೆ ಉತ್ತರದ ಒಂದು ತುದಿ ಅಲ್ಲೇ ಸಿಗುತ್ತದೆ. ಅಣ್ಣಾ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಬಿ.ಇ. ಪದವಿಯನ್ನು ಮುಗಿಸಲು ಎಂಟಲ್ಲ, 14 ಸೆಮಿಸ್ಟರ್‌ವರೆಗೆ ಅವಕಾಶವಿದೆ. ಅಂದರೆ ಏಳು ವರ್ಷ. ಒಂದು ವರ್ಷದವರೆಗೆ ಓದಿಗೆ ಅಧಿಕೃತವಾಗಿ ವಿರಾಮ ತೆಗೆದುಕೊಳ್ಳಲು ‘ಬ್ರೇಕ್ ಆಫ್ ಸ್ಟಡಿ’ ಇದೆ. ಸಕಾರಣವಿದ್ದರೆ ಕೋರ್ಸ್‌ನ ಅವಧಿಯಲ್ಲಿ ಒಮ್ಮೆ ಪರೀಕ್ಷೆಯಿಂದ ಹಿಂದೆ ಸರಿಯಲೂ ಬಹುದು. ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ, ಓದಿ ಗಳಿಸಿದ ಕ್ರೆಡಿಟ್‌ಗಳನ್ನು ಜಮಾ ಇಟ್ಟು ಮುಂದೆ ಬಳಸಿಕೊಳ್ಳುವ ವ್ಯವಸ್ಥೆಯೂ ಇದೆ. ಶಾಲಾ ಮಟ್ಟದಲ್ಲಿ ಸಿಬಿಎಸ್‌ಇ ಈಗಾಗಲೇ ಅಂತರರಾಷ್ಟ್ರೀಯ ಕೂಟದಲ್ಲಿರುವ ಮಕ್ಕಳಿಗೆ ಬೇರೆ ದಿನ ಪರೀಕ್ಷೆ ಬರೆಯಲು ಅವಕಾಶ ಕೊಡುತ್ತಿದೆ.

ಅಂದರೆ ನಾಲ್ಕು ವರ್ಷದ ಓದನ್ನು ಅರ್ಧ ಹಾಜರಿಯಲ್ಲಿ ಮುಗಿಸುವ ಬದಲು, ಅದೇ ಓದನ್ನು ಪೂರ್ತಿ ಹಾಜರಿಯಲ್ಲಿ ಆರು ವರ್ಷಕ್ಕೆ ಹರಡಬಹುದು. ದೊಡ್ಡ ಕೂಟವಿರುವ ಸೆಮಿಸ್ಟರ್‌ನಲ್ಲಿ ಓದು ನಿಲ್ಲಿಸಿ, ಆಟವಿಲ್ಲದ ಸೆಮಿಸ್ಟರ್‌ನಲ್ಲಿ ಎಲ್ಲರಂತೆ ತರಗತಿಯಲ್ಲಿ ಕೂರಬಹುದು. ಪ್ರಸನ್ನ ಐದು ವರ್ಷ ಟೆಸ್ಟ್ ಆಡದೆ ಓದಿದರು, ಕುಂಬ್ಳೆಗೆ ಆಯ್ಕೆಗಾರರೇ ಎರಡು ವರ್ಷ ಕೊಟ್ಟರು. ಇಂದಿನ ಕ್ರೀಡಾಪಟುವಿಗೆ ಬೇಕಾದ್ದೂ ಅದೇ ಬಗೆಯ ಬಿಡುವು, ಆದರೆ ಆಟವನ್ನು ಬಲಿಕೊಡದೆ, ತುಂಡುತುಂಡಾಗಿ.

ಇದನ್ನು ಕೆಲವೇ ಮಂದಿ ಬಳಸುತ್ತಿರುವುದಕ್ಕೆ ಕಾರಣ ನಿಯಮದಲ್ಲಿಲ್ಲ, ಅದರ ಸುತ್ತ ಇರುವ ವ್ಯವಸ್ಥೆಯಲ್ಲಿದೆ. ಓದಿಗೆ ವಿರಾಮ ತೆಗೆದುಕೊಂಡವನಿಗೆ ಹಾಸ್ಟೆಲ್ ಕೊಠಡಿ ಉಳಿಯುವುದು ಕಷ್ಟ. ವಿದ್ಯಾರ್ಥಿವೇತನಗಳು ಸಾಮಾನ್ಯವಾಗಿ ನಾಲ್ಕು ವರ್ಷದ ಲೆಕ್ಕದಲ್ಲಿರುತ್ತವೆ. ಕ್ಯಾಂಪಸ್‌ಗೆ ಬರುವ ಎಷ್ಟೋ ಕಂಪನಿಗಳು ಓದಿನ ನಡುವೆ ಅಂತರವಿರುವವರನ್ನೂ ಅರಿಯರ್ ಇರುವವರನ್ನೂ ಆರಂಭದಲ್ಲೇ ಬದಿಗಿಡುತ್ತವೆ. ಜೊತೆಯ ಬ್ಯಾಚ್ ಮುಂದೆ ಹೋಗಿರುತ್ತದೆ. ಮನೆಯಲ್ಲಿ ‘ಮಗ ಒಂದು ವರ್ಷ ಹಿಂದೆ ಬಿದ್ದ’ ಎನ್ನುವ ಮಾತು ಬೇರೆ. ಹೀಗಾಗಿ ಎಲ್ಲರೂ ಓ.ಡಿ. ಚೀಟಿಯ ಸುಲಭ ದಾರಿಯನ್ನೇ ಹಿಡಿಯುತ್ತಾರೆ. ಕಾಲೇಜಿಗೂ ಅದೇ ಅನುಕೂಲ. ಚೀಟಿಗೆ ಖರ್ಚಿಲ್ಲ, ಎರಡು ವರ್ಷ ಹೆಚ್ಚು ಕೊಠಡಿ ಕೊಡುವುದಕ್ಕೆ ಖರ್ಚಿದೆ.

ಕ್ರೀಡಾ ಕೋಟಾದಲ್ಲಿ ಸೀಟು ಹಿಡಿಯಲು ಹೊರಟ ಪೋಷಕರು ಸಾಮಾನ್ಯವಾಗಿ ಕೇಳುವುದು ಶುಲ್ಕ ಎಷ್ಟು ಕಡಿಮೆ, ಹಾಜರಿ ಎಷ್ಟು ಸಡಿಲ ಎಂದು. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಬ್ರೇಕ್ ತೆಗೆದುಕೊಂಡರೆ ಹಾಸ್ಟೆಲ್ ಮತ್ತು ಶುಲ್ಕ ರಿಯಾಯಿತಿ ಮುಂದುವರಿಯುತ್ತದೆಯೇ? ತಪ್ಪಿದ ಲ್ಯಾಬ್‌ಗಳನ್ನು ರಜೆಯಲ್ಲಿ ಮಾಡಿಸುತ್ತಾರೆಯೇ? ಶಿಬಿರದ ದಿನ ಇಂಟರ್ನಲ್ ಪರೀಕ್ಷೆ ಬಿದ್ದರೆ ಮರುಪರೀಕ್ಷೆ ಇದೆಯೇ? ಗಾಯವಾಗಿ ಆಟ ನಿಂತರೆ ಕೋಟಾ ಸೀಟು ಉಳಿಯುತ್ತದೆಯೇ? ಹಿಂದಿನ ಐದು ವರ್ಷ ಇದೇ ಕೋಟಾದಲ್ಲಿ ಸೇರಿದವರಲ್ಲಿ ಎಷ್ಟು ಮಂದಿ ಪದವಿ ಮುಗಿಸಿದ್ದಾರೆ? ಕೊನೆಯ ಪ್ರಶ್ನೆಗೆ ಕಾಲೇಜಿನ ಬಳಿ ಅಂಕಿ ಸಿದ್ಧವಿಲ್ಲದಿದ್ದರೆ, ಸಹಿ ಹಾಕುವ ಮೊದಲು ಅಲ್ಲಿನ ಮೈದಾನಕ್ಕೆ ಹೋಗಿ ಮೂರನೇ ವರ್ಷದ ಆಟಗಾರರನ್ನು ಮಾತನಾಡಿಸಿ ಬರುವುದು ಒಳ್ಳೆಯದು.